ಬೆಂಕಿ ಹಚ್ಚದೆ ಮಂಗಳಾ ಎಣ್ಣೆ ಇಳಿಸಿದ್ದು

ಸುರತ್ಕಲ್ಲಿನಿಂದ ಎಂಟು ವರ್ಷ ಡಾಂಬರು ಟ್ಯಾಂಕರ್ ಓಡಿಸಿ, 2009ರ ಕೊನೆಗೆ ರಾಜಸ್ಥಾನದ ಬಾಡಮೇರಿಗೆ ಹೋದೆ. ಅಲ್ಲಿನ ಮಂಗಳಾ ಕಚ್ಚಾ ಎಣ್ಣೆ ಬಾವಿಗಳು ಆ ಆಗಸ್ಟ್‌ನಲ್ಲಷ್ಟೇ ಶುರುವಾಗಿದ್ದವು. ಪೈಪ್‌ಲೈನ್ ಇನ್ನೂ ಮುಗಿದಿರಲಿಲ್ಲ. ಎಣ್ಣೆಯೆಲ್ಲ ಟ್ಯಾಂಕರಿನಲ್ಲೇ ಗುಜರಾತಿನ ಕಾಂಡ್ಲಾ ಬಂದರಿಗೆ ಹೋಗಬೇಕು, ಒಂದು ಬದಿಗೆ ನಾನೂರು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಹಡಗು ಹತ್ತಿ ನಮ್ಮ ಮಂಗಳೂರಿಗೂ ಬರುತ್ತಿತ್ತು. ನನಗೆ ಅದೇ ಒಂದು ಖುಷಿ.

ಈ ಎಣ್ಣೆ ತುಂಬ ಮೇಣ. 40 ಡಿಗ್ರಿ ಹತ್ತಿರ ಇಳಿಯಿತು ಅಂದ್ರೆ ಚಳಿಗಾಲದ ತುಪ್ಪದ ಹಾಗೆ ಕೂತುಬಿಡುತ್ತದೆ. ಡಾಂಬರಾದರೆ ಬರ್ನರ್ ಹಚ್ಚಿ ಕರಗಿಸಬಹುದು. ಕಚ್ಚಾ ಎಣ್ಣೆ ಹತ್ತಿರ ಬೆಂಕಿ ಕಡ್ಡಿಯೂ ಬೇಡ. ವಾಲ್ವಿನ ಕೆಳಗೆ ಚಿಂದಿ ಸುಡುವವರನ್ನು ನೋಡಿದ್ದೇನೆ. ನಾನು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಮೊದಲ ಟ್ರಿಪ್ಪಿನಲ್ಲೇ ಕೆಟ್ಟೆ. ರಾಧನ್‌ಪುರ ದಾಟಿ ಢಾಬಾದಲ್ಲಿ ಐದು ಗಂಟೆ ಮಲಗಿದ್ದೆ. ಕಾಂಡ್ಲಾದಲ್ಲಿ ವಾಲ್ವು ತಿರುಗಿಸಿದರೆ ಒಂದು ಹನಿ ಇಲ್ಲ. ಬೆರಳು ಹಾಕಿದೆ. ಕಪ್ಪು ಮೇಣ, ಉಗುರಿನ ಗುರುತು ಹಾಗೇ ಉಳಿಯಿತು. ಸ್ಟೀಮ್ ಕೊಟ್ಟು ಇಳಿಸೋಕೆ ಏಳು ಗಂಟೆ ಹಿಡಿಯಿತು. ಟ್ಯಾಂಕಿನ ಹೊಟ್ಟೆಗೆ ಮೆತ್ತಿಕೊಂಡಿದ್ದು ಇನ್ನೂರು ಲೀಟರ್ ಮೇಲೆ. ಶಾರ್ಟೇಜ್ ಅಂತ ನಾಲ್ಕು ಸಾವಿರ ಚಿಲ್ಲರೆ ನನ್ನ ಲೆಕ್ಕದಲ್ಲಿ ಮುರಿದರು. ಮುಂದಿನ ಟ್ರಿಪ್ಪಿನಲ್ಲೂ ಅದೇ ಕಥೆ, ದುಡ್ಡು ಸ್ವಲ್ಪ ಕಡಿಮೆ ಅಷ್ಟೆ.

ಮೂರನೇ ಸಲ ಇಳಿಸುವ ಮುಂಚೆ ಮ್ಯಾನ್‌ಹೋಲಿನಿಂದ ಥರ್ಮಾಮೀಟರ್ ಬಿಡಿಸಿ ನೋಡಿದೆ. ಒಳಗೆ 58 ಡಿಗ್ರಿ! ಎಣ್ಣೆ ತಣ್ಣಗಾಗಿಯೇ ಇರಲಿಲ್ಲ. ಗಟ್ಟಿಯಾಗಿದ್ದು ಒಳವಾಲ್ವಿಗೂ ಹೊರವಾಲ್ವಿಗೂ ಮಧ್ಯದ ಮೊಳದುದ್ದದ ಪೈಪು ಮಾತ್ರ. ನಾಲ್ಕೈದು ಲೀಟರ್ ಮೇಣ ಇಪ್ಪತ್ತು ಸಾವಿರ ಲೀಟರನ್ನು ತಡೆದು ನಿಂತಿತ್ತು.

ಆಮೇಲೆ ಲೋಡಾದ ಕೂಡಲೇ ಒಳವಾಲ್ವು ಬಿಗಿದು, ಆ ಪೈಪಿನಲ್ಲಿದ್ದಿದ್ದನ್ನು ಲೋಡ್ ಮಾಡುವ ಜಾಗದಲ್ಲೇ ಡ್ರಿಪ್ ಬಕೆಟ್ಟಿಗೆ ಬಸಿಯೋದು ಶುರು ಮಾಡಿದೆ. ಪೈಪಿಗೆ ಶಾಖ ಹಿಡಿದಿಡುವ ಗ್ಲಾಸ್‌ವುಲ್, ಮೇಲೆ ಗೋಣಿ. ಗೋಣಿ ಒಳಗೆ ಇನ್ನೊಂದು ಪದರ ಇದೆ, ಅದು ನನ್ನ ಹತ್ತಿರವೇ ಇರಲಿ. ರಾತ್ರಿ ಮಲಗೋದು ಬಿಟ್ಟೆ. ಹಗಲು ಬಿಸಿಲಲ್ಲಿ ನಿದ್ದೆ, ರಾತ್ರಿ ಓಟ. ಜೊತೆಯವರು ನಕ್ಕರು, "ಖಾಲಿ ಪೈಪ್ ಇಟ್ಟುಕೊಂಡು ಏನು ಮಾಡ್ತೀಯ, ಇಳಿಸೋ ಹೋಸ್ ಪೈಪಲ್ಲಿ ಗಟ್ಟಿಯಾಗಲ್ವಾ?" ಅಂತ. ಆಗ್ತಿತ್ತು, ನಿಜ. ಅದಕ್ಕೆ ಕಿಡಿ ಹಾರದ ಹಾಗೆ ಅರ್ಥಿಂಗ್ ಕ್ಲಿಪ್ ಹಾಕಿದ ಮೇಲೆ ಮೊದಲು ಹೋಸಿಗೆ, ಅದನ್ನು ಜೋಡಿಸುವ ಕಪ್ಲಿಂಗಿಗೆ ಸ್ಟೀಮ್, ಕೈಗೆ ಸುಡುವ ತನಕ. ಆಮೇಲೆ ಒಳವಾಲ್ವು. ಪಂಪು ನಿಧಾನವಾಗಿ ಶುರು. ಒಮ್ಮೆ ಶುರುವಾದರೆ ಚಹಾಕ್ಕೂ ನಿಲ್ಲಿಸಬಾರದು. ಹತ್ತು ನಿಮಿಷ ನಿಲ್ಲಿಸಿ ಒಂದು ಹೋಸ್ ಪೂರ್ತಿ ಕಳೆದುಕೊಂಡಿದ್ದೇನೆ.

ನಡುವೆ ಪೈಪಿಗೆ ಡೀಸೆಲ್ ತುಂಬಿಯೂ ನೋಡಿದೆ. ಸ್ಯಾಂಪಲ್ಲಿನ ಡೆನ್ಸಿಟಿ (ಸಾಂದ್ರತೆ) ತಪ್ಪಿ ಗೇಟಿನಲ್ಲಿ ಒಂದು ದಿನ ಕೂರಿಸಿದರು. ಟ್ಯಾಂಕಿಗೆ ಟಾರ್ಪಾಲು ಹೊದಿಸಿದ್ದು ಸಾಂಚೋರ್ ಹತ್ತಿರ ಗಾಳಿಗೆ ಹರಿದೇ ಹೋಯ್ತು, ಸಾವಿರದೈನೂರು ರೂಪಾಯಿ ವ್ಯರ್ಥ.

ಜನವರಿ ಹೊತ್ತಿಗೆ ಒಂದು ಗಂಟೆಯೊಳಗೆ ಖಾಲಿ ಮಾಡುತ್ತಿದ್ದೆ. ಉಳಿಯೋದು ನಲವತ್ತು ಐವತ್ತು ಲೀಟರ್, ಶಾರ್ಟೇಜ್ ಮುರಿಯದೆ ಬಿಡುವ ಮಿತಿಯೊಳಗೆ. ನಕ್ಕವರಲ್ಲೇ ಆರೇಳು ಜನ ಗೋಣಿ ಕಟ್ಟಿಸಿಕೊಳ್ಳೋಕೆ ನನ್ನ ಗಾಡಿ ಹತ್ತಿರ ಬಂದರು. 2010ರಲ್ಲಿ ಬಿಸಿ ಪೈಪ್‌ಲೈನ್ ಶುರುವಾಯಿತು. ನಾನು ಡಾಂಬರಿಗೇ ವಾಪಸ್ಸು ಬಂದೆ. ಗ್ಲಾಸ್‌ವುಲ್ ಸುತ್ತಿದ ಆ ಪೈಪಿನ ತುಂಡು ಮಾತ್ರ ಬಿಚ್ಚಿಸಿ ತಂದಿದ್ದೇನೆ.