ಸೋರಿಯಾಸಿಸ್‌ಗೆ ಬೆಪ್ಪಾಲೆ ಎಣ್ಣೆ: ನಾನು ಮಾಡುವ, ಹಚ್ಚುವ ಕ್ರಮ

ಸೋರಿಯಾಸಿಸ್ ಎಂದರೆ ಚರ್ಮದ ಮೇಲೆ ದಪ್ಪನೆಯ ಕೆಂಪು ಮಚ್ಚೆ, ಹೊಟ್ಟು ಏಳುವ ಕಾಯಿಲೆ. ಎಣ್ಣೆಗೆ ಮೊದಲು ಗಿಡ ಸರಿಯಾಗಿರಬೇಕು. ಬೆಪ್ಪಾಲೆಯ ಸಸ್ಯಶಾಸ್ತ್ರದ ಹೆಸರು ರೈಟಿಯಾ ಟಿಂಕ್ಟೋರಿಯಾ. ಕೊಡಸಿಗೆ ಎಂಬ ಇನ್ನೊಂದು ಗಿಡದ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಎರಡಕ್ಕೂ ಹಾಲು ಬರುತ್ತದೆ, ಎರಡರ ಎಲೆಯೂ ಎದುರುಬದುರು, ಎರಡಕ್ಕೂ ಉದ್ದನೆಯ ಜೋಡಿ ಕಾಯಿ. ಆದರೆ ಬೆಪ್ಪಾಲೆಯ ಎಳೆಯ ಕಾಯಿಗಳು ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೊಡಸಿಗೆಯವು ಬಿಡಿಬಿಡಿ. ನಾನು ಕಾಯಿ ನೋಡದೆ ಎಲೆ ಕೀಳುವುದಿಲ್ಲ.

ಅಳತೆ: ಹಸಿ ಎಲೆ 250 ಗ್ರಾಂ, ಕೊಬ್ಬರಿ ಎಣ್ಣೆ 500 ಮಿ.ಲೀ. ಎಲೆ ತೊಳೆದು, ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಂದು ಗಂಟೆ ಹರಡುತ್ತೇನೆ. ಮೇಲಿನ ನೀರು ಆರಬೇಕು, ಎಲೆ ಬಾಡಬಾರದು. ಕೈಗವಸು ಹಾಕಿಕೊಂಡು ಸಣ್ಣಗೆ ಹರಿದು, ಅಗಲ ಬಾಯಿಯ ಗಾಜಿನ ಪಾತ್ರೆಗೆ ಹಾಕಿ ಎಣ್ಣೆ ಸುರಿದು, ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡುತ್ತೇನೆ. ಐದರಿಂದ ಏಳು ದಿನ, ದಿನಕ್ಕೊಮ್ಮೆ ಒಣ ಚಮಚದಿಂದ ಕಲಕುವುದು.

ಎಣ್ಣೆ ನೇರಳೆಗೆ ತಿರುಗಬೇಕು. ಎಲೆಯಲ್ಲಿ ನೀಲಿ ಬಣ್ಣದ ಮೂಲವಸ್ತು ಬಣ್ಣವಿಲ್ಲದ ರೂಪದಲ್ಲಿರುತ್ತದೆ. ಎಲೆ ಹರಿದಾಗ ಕಿಣ್ವ ಅದನ್ನು ಒಡೆಯುತ್ತದೆ, ಗಾಳಿ ಸೋಕಿ ನೀಲಿ ಬಣ್ಣದ ಇಂಡಿಗೋ, ಕೆಂಪು ಬಣ್ಣದ ಇಂಡಿರುಬಿನ್ ಹುಟ್ಟುತ್ತವೆ. ಹಾಗಾಗಿಯೇ ಬಿಗಿ ಮುಚ್ಚಳ ಹಾಕುವುದಿಲ್ಲ, ಎಲೆಯನ್ನು ಇಡಿಯಾಗಿ ಮುಳುಗಿಸುವುದಿಲ್ಲ, ಮೊದಲೇ ಒಲೆಯ ಮೇಲೆ ಕುದಿಸುವುದೂ ಇಲ್ಲ: ಕುದಿಸಿದರೆ ಕಿಣ್ವ ಸಾಯುತ್ತದೆ, ಹಸಿರೆಣ್ಣೆಯಷ್ಟೇ ಉಳಿಯುತ್ತದೆ.

ಕೆಡುವುದು ಬಹುಪಾಲು ನೀರಿನಿಂದ. ಹಸಿ ಎಲೆ ತಾನೇ ನೀರು ಬಿಡುತ್ತದೆ. ಸೋಸಿದ ಮೇಲೆ ಒಂದು ರಾತ್ರಿ ಅಲುಗಿಸದೆ ಇಟ್ಟು, ಮೇಲಿನ ಎಣ್ಣೆಯನ್ನಷ್ಟೇ ಬಗ್ಗಿಸಿಕೊಂಡು ತಳದ ಗಸಿಯನ್ನು ಚೆಲ್ಲುತ್ತೇನೆ. ಗಸಿಯ ಮೋಹಕ್ಕೆ ಬಿದ್ದರೆ ಇಡೀ ಬಾಟಲಿಗೆ ಬೂಸಲು. ಎಣ್ಣೆ ಕಮಟು ವಾಸನೆ ಬಂದರೆ ಅದು ಮೈಗಲ್ಲ, ಕಸಕ್ಕೆ.

ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ, ಒಂದು ವಾರ ಪರೀಕ್ಷೆ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ನಿಲ್ಲಿಸುವುದು. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆದು, ಒತ್ತಿ ಒರೆಸಿ, ಚರ್ಮ ಇನ್ನೂ ತೇವವಿರುವಾಗಲೇ ತೆಳುವಾಗಿ ಸವರುವುದು. ಹೊಟ್ಟನ್ನು ಉಗುರಿನಿಂದ ಕೀಳಬಾರದು. ಗಾಯವಾದಲ್ಲೇ ಹೊಸ ಮಚ್ಚೆ ಏಳುವುದು ಈ ಕಾಯಿಲೆಯ ಗುಣ. ವೈದ್ಯರು ಇದನ್ನು ಕೋಬ್ನರ್ ಪರಿಣಾಮ ಎನ್ನುತ್ತಾರೆ. ಮುಖ, ತೊಡೆಸಂದು, ಬಿರಿದು ರಕ್ತ ಬರುವ ಜಾಗಕ್ಕೆ ನಾನು ಹಚ್ಚುವುದಿಲ್ಲ.

ನಿಜ ಹೇಳಬೇಕೆಂದರೆ, ಮೊದಲ ಎರಡು ವಾರದಲ್ಲಿ ಚರ್ಮ ಮೆತ್ತಗಾಗುವುದು ಬರಿಯ ಕೊಬ್ಬರಿ ಎಣ್ಣೆಯ ಕೆಲಸವೂ ಇರಬಹುದು. ಅದಕ್ಕೇ ಒಂದು ಮೊಣಕೈಗೆ ಬೆಪ್ಪಾಲೆ, ಇನ್ನೊಂದಕ್ಕೆ ಸಾದಾ ಕೊಬ್ಬರಿ ಎಣ್ಣೆ ಹಚ್ಚಿ ಎಂಟು ವಾರ ಹೋಲಿಸುವುದು ನನ್ನ ಪದ್ಧತಿ. ಮಚ್ಚೆಯ ದಪ್ಪ, ಕೆಂಪು, ಹೊಟ್ಟು ಮೂರನ್ನೂ ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ಫೋಟೋ ತೆಗೆದು ನೋಡಬೇಕು. ನೆನಪು ನಂಬಿಕೆಗೆ ಅರ್ಹವಲ್ಲ. ವ್ಯತ್ಯಾಸ ಕಾಣದಿದ್ದರೆ ಎಲೆ ಹರಿಯುವ ಶ್ರಮವೇಕೆ?

ಬಾವಂಚಿ ಬೀಜದ ಎಣ್ಣೆಯನ್ನು ಇದಕ್ಕೆ ಬೆರೆಸುವವರಿದ್ದಾರೆ. ನಾನು ಬೆರೆಸುವುದಿಲ್ಲ. ಅದರಲ್ಲಿರುವ ಸೋರಾಲೆನ್ ಬಿಸಿಲು ತಾಗಿದರೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. 'ಗಿಡಮೂಲಿಕೆ' ಎಂಬ ಹೆಸರಿನ, ಮೂರೇ ದಿನಕ್ಕೆ ಪವಾಡ ತೋರುವ ಮುಲಾಮನ್ನೂ ದೂರ ಇಡುತ್ತೇನೆ. ಒಳಗೆ ಹೇಳದೆ ಸೇರಿಸಿದ ಬಲವಾದ ಸ್ಟಿರಾಯ್ಡ್ ಇರುವ ಸಾಧ್ಯತೆ ಹೆಚ್ಚು. ಅಂಥ ಮುಲಾಮು ನಿಲ್ಲಿಸಿದೊಡನೆ ಕಾಯಿಲೆ ಇನ್ನೂ ಜೋರಾಗಿ ಮರಳಬಹುದು.

ವೈದ್ಯರು ಕೊಟ್ಟ ಔಷಧಿಯನ್ನು ಎಣ್ಣೆಯ ನಂಬಿಕೆಯಲ್ಲಿ ಬಿಡಬಾರದು. ಬೆಳಿಗ್ಗೆ ಕೀಲು ಬಿಗಿದರೆ, ಜ್ವರದ ಜೊತೆ ಕೀವುಗುಳ್ಳೆ ಎದ್ದರೆ, ಮೈಯೆಲ್ಲ ಕೆಂಪಾದರೆ ಎಣ್ಣೆ ಬದಿಗಿಟ್ಟು ಅಂದೇ ಚರ್ಮವೈದ್ಯರ ಬಳಿ.

ಇನ್ನೊಂದು: ನೇರಳೆ ಕಲೆ ಹಾಸಿಗೆಯಿಂದ ಹೋಗುವುದಿಲ್ಲ, ಹಳೆಯ ಬಟ್ಟೆ ಮೀಸಲಿಡಿ. ಎಣ್ಣೆ ಕುಡಿದ ಬಟ್ಟೆ ಒಗೆದ ಮೇಲೂ ಬೇಗ ಬೆಂಕಿ ಹಿಡಿಯುತ್ತದೆ, ಅದನ್ನು ಉಟ್ಟು ಒಲೆಯ ಮುಂದೆ ನಿಲ್ಲಬೇಡಿ.