ಪೆನ್‌ಡ್ರೈವ್ ತುಂಬ ಶಾರ್ಟ್‌ಕಟ್ ಕಾಣ್ತಿದ್ಯಾ? ಕ್ಲಿಕ್ ಮಾಡ್ಬೇಡಿ

ನಮ್ಮ ಮೈಸೂರಲ್ಲಿ ಕಾಲೇಜುಗಳ ಅಕ್ಕಪಕ್ಕ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಪ್ರಿಂಟ್ ತೆಗೆಸೋರು ಗ್ರೂಪಲ್ಲಿ ಬಹಳ ಜನ ಇದ್ದೀರಿ, ಅದಕ್ಕೆ ಇದು.

ಮನೇಲಿ ಹಾಕಿದಾಗ ಫೋಲ್ಡರ್‌ಗಳೆಲ್ಲ ಮೂಲೇಲಿ ಬಾಣದ ಗುರುತಿರೋ ಶಾರ್ಟ್‌ಕಟ್ ಆಗಿದ್ರೆ ಮುಟ್ಬೇಡಿ. ಡಬಲ್ ಕ್ಲಿಕ್ ಮಾಡಿದ್ರೆ ವೈರಸ್ ಕಂಪ್ಯೂಟರಿಗೂ ಇಳಿಯುತ್ತೆ. ನಿಮ್ಮ ಫೈಲ್ ಸಾಮಾನ್ಯವಾಗಿ ಅಲ್ಲೇ ಇರುತ್ತೆ, ವೈರಸ್ ಬಚ್ಚಿಟ್ಟಿರುತ್ತೆ ಅಷ್ಟೆ. ಫಾರ್ಮ್ಯಾಟ್ ಮಾಡೋ ಅವಸರ ಬೇಡ.

ಪೆನ್‌ಡ್ರೈವ್ ತೆಗೆದಿಟ್ಟು, ವಿಂಡೋಸ್ ಜೊತೆಗೇ ಬರೋ ವಿಂಡೋಸ್ ಸೆಕ್ಯುರಿಟಿ ಆ್ಯಪ್ (ಅದರೊಳಗಿನ ಆಂಟಿವೈರಸ್ಸೇ ಡಿಫೆಂಡರ್) ಅಪ್‌ಡೇಟ್ ಮಾಡಿ. ಅದರ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗೋ ಮುಂಚೆನೇ ಹುಡುಕುತ್ತೆ. ಅಡಗಿ ಕೂತ ವೈರಸ್ ತಪ್ಪಿಸ್ಕೊಳ್ಳೋದು ಕಷ್ಟ. ಸುಮಾರು 15 ನಿಮಿಷ ಹಿಡಿಯುತ್ತೆ. ಕೆಲಸ ಸೇವ್ ಮಾಡ್ಕೊಂಡಿರಿ!

ಆಮೇಲೆ ಪೆನ್‌ಡ್ರೈವ್ ಹಾಕಿ, ತೆರೆಯದೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡಿ. ನಂತರ ಬಚ್ಚಿಟ್ಟ ಫೈಲ್ ಕಾಣೋಕೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ. ಆಗಲೂ ಕಾಣದಿದ್ರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಟಿಕ್ ತೆಗೀರಿ. ನಿಮ್ಮದನ್ನಷ್ಟೇ ಕಾಪಿ ಮಾಡ್ಕೊಂಡು, ಆಮೇಲೆ ಫಾರ್ಮ್ಯಾಟ್.

ಮತ್ತೆ ಬರಬಾರದು ಅಂದ್ರೆ ಪ್ರಿಂಟಿಗೆ ಪಿಡಿಎಫ್ ಮೇಲ್ ಮಾಡಿ. ಕ್ರ್ಯಾಕ್ (ಲೈಸೆನ್ಸ್ ಮುರಿದ ಕಳ್ಳ) ಸಾಫ್ಟ್‌ವೇರ್ ಸಹವಾಸ ಬೇಡ, ಡಿಫೆಂಡರ್ ಆಫ್ ಮಾಡಿ ಅಂತ ಅದು ಹೇಳೋದೇ ಅನುಮಾನಕ್ಕೆ ಸಾಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಕಂಪ್ಯೂಟರ್ ತಡ್ಕೊಂಡ್ರೆ 11ಕ್ಕೆ ಹೋಗಿ.