ತೋಟಕ್ಕೆ ಮಕ್ಕಳನ್ನು ಕರೆಯುವ ಮುನ್ನ

ಶಿರಸಿ ಸೀಮೆಯಲ್ಲಿ ನಮ್ಮದು ಅಡಿಕೆ ತೋಟ. ಮರಗಳಿಗೆ ಕಾಳುಮೆಣಸು ಹಬ್ಬಿದೆ, ನಡುವೆ ಬಾಳೆ, ಏಲಕ್ಕಿ. ರಾಸಾಯನಿಕ ಗೊಬ್ಬರ ನಿಂತದ್ದು ಮಾವನವರ ಕಾಲದಲ್ಲೇ. ಪರಿಸರ ಕಾಳಜಿಗೆಂದು ಒಂದು ಪುರಸ್ಕಾರ ಬಂದ ಮೇಲೆ ಶಾಲೆಗಳಿಂದ ಮಕ್ಕಳು ಬರುವುದು ಹೆಚ್ಚಾಯಿತು. ತಮ್ಮ ತೋಟದಲ್ಲೂ ಹೀಗೆ ಮಾಡಬೇಕೆಂದಿರುವ ಸಾವಯವ ಕೃಷಿಕರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಜಮೀನು ಕಡಿಮೆ ಎಂಬ ಅಳುಕು ಬೇಡ. 2019ರಲ್ಲಿ ತೀರಿಕೊಂಡ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು ದೊಡ್ಡಬಳ್ಳಾಪುರ ತಾಲ್ಲೂಕಿನ ನಾಲ್ಕು ಎಕರೆಯಲ್ಲೇ ನಾಡಿನ ರೈತರಿಗೆ ಪಾಠ ಹೇಳಿದವರು.

ತೋಟ ತೋರಿಸಲು ಹೊರಡಬೇಡಿ. ಮಕ್ಕಳ ಕೈಗೆ ಕೆಲಸ ಕೊಡಿ. ಸಾಲಾಗಿ ಸುತ್ತಿ, ಗಿಡಗಳ ಹೆಸರು ಬರೆದುಕೊಂಡು ಹೋದವರಿಗೆ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮರೆತಿರುತ್ತದೆ. ನಾನು ಮಣ್ಣಿನಿಂದ ಶುರು ಮಾಡುತ್ತೇನೆ. ಎರಡು ಗಾಜಿನ ಭರಣಿಗಳ ತುಂಬ ನೀರು, ಬಾಯಿಗೆ ತಂತಿಬಲೆಯ ತುಂಡು. ದರಕಿನ (ಒಣಗಿ ಉದುರಿದ ಎಲೆಗಳ) ಮುಚ್ಚಿಗೆಯ ಅಡಿಯಿಂದ ಒಂದು ಹೆಂಟೆ, ಪದೇ ಪದೇ ಉತ್ತು ಬರಿದಾಗಿ ಬಿಟ್ಟ ಜಾಗದಿಂದ ಇನ್ನೊಂದು, ಎರಡೂ ಲಿಂಬೆಹಣ್ಣಿನ ಗಾತ್ರದವು. ಅವನ್ನು ಮೊದಲೇ ತಂದು ನೆರಳಲ್ಲಿ ಚೆನ್ನಾಗಿ ಒಣಗಿಸಿಡಬೇಕು; ಹಸಿಯಿದ್ದರೆ ವ್ಯತ್ಯಾಸ ಕಾಣುವುದಿಲ್ಲ. ಯಾವುದು ಮೊದಲು ಕರಗುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿ, ಆಮೇಲೆ ಬಲೆಯ ಮೇಲಿಡಿ. ಬರಿ ನೆಲದ ಹೆಂಟೆ ಅಂಚಿನಿಂದ ಉದುರುತ್ತ ಹೋಗುತ್ತದೆ, ನೀರು ಕೆಂಪಾಗುತ್ತದೆ. ಮುಚ್ಚಿಗೆಯ ಹೆಂಟೆ ಗುಳ್ಳೆ ಬಿಡುತ್ತ ಕುಳಿತಿರುತ್ತದೆ. ಆ ಹೊತ್ತಿನಲ್ಲಿ ಮಾತಾಡಬೇಡಿ, ಅವರು ನೋಡಲಿ. ಬೇರು, ಶಿಲೀಂಧ್ರದ ಎಳೆ, ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು ಸೇರಿ ಮಣ್ಣಿನ ಕಣಗಳನ್ನು ಹಿಡಿದಿಡುತ್ತವೆ ಎಂದು ಅನಂತರ ಹೇಳಿದರೆ ಸಾಕು. ಮಳೆಗಾಲದಲ್ಲಿ ಹಳ್ಳ ಯಾಕೆ ಕೆಂಪಗೆ ಹರಿಯುತ್ತದೆ ಎಂಬುದನ್ನು ಅವರೇ ಹೇಳುತ್ತಾರೆ.

ಅಲ್ಲಿಂದ ಸೊಪ್ಪಿನ ಬೆಟ್ಟಕ್ಕೆ, ಎಂದರೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡಿಗೆ ಕರೆದೊಯ್ದು ದರಕು ಗುಡಿಸಲು ಹೇಳುತ್ತೇನೆ. ನೆಲ ಬೋಳಾಗುವಷ್ಟು ಗುಡಿಸಬಾರದು, ಬೆಟ್ಟದ ಮಣ್ಣಿಗೂ ಪಾಲು ಬಿಡಬೇಕು. ಸೊಪ್ಪು ಕಡಿಯುವಾಗ ಮರದ ತುದಿ ಮುಟ್ಟದೆ, ಪಕ್ಕದ ಟೊಂಗೆಗಳನ್ನಷ್ಟೇ ಸವರಬೇಕು ಎಂಬುದನ್ನು ಮರದ ಬುಡದಲ್ಲಿ ನಿಂತೇ ತೋರಿಸಿ. ತೋಟ ಬದುಕಿರುವುದು ಬೆಟ್ಟದಿಂದ. ಇದನ್ನು ಬಿಟ್ಟು ಹೇಳುವ ಸಾವಯವದ ಪಾಠ ನನ್ನ ಮಟ್ಟಿಗೆ ಅರ್ಧ ಪಾಠ.

ಒಂದು ಪ್ರಶ್ನೆ ಬಂದೇ ಬರುತ್ತದೆ: “ಇಲ್ಲಿ ಔಷಧಿಯನ್ನೇ ಹೊಡೆಯುವುದಿಲ್ಲವೇ?” ನುಣುಚಿಕೊಳ್ಳಬೇಡಿ. ಮಳೆಗಾಲದ ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಸಾವಯವ ನಿಯಮಗಳು ಇದಕ್ಕೆ ಮಿತಿಯೊಳಗೆ ಒಪ್ಪಿಗೆ ಕೊಡುತ್ತವೆ. ತಾಮ್ರ ಮಣ್ಣಿನಲ್ಲಿ ಉಳಿದುಬಿಡುವುದರಿಂದ ಆ ಮಿತಿ. ಹಾಗಾಗಿ ಆದಷ್ಟು ಮರಗಳಿಗೆ ಕೊಟ್ಟೆ (ಗೊನೆಗೆ ಮಳೆ ತಾಗದಂತೆ ಹೊದಿಸುವ ಹೊದಿಕೆ) ಕಟ್ಟಿಸಿ ಸಿಂಪಡಣೆ ತಗ್ಗಿಸುತ್ತೇವೆ ಎಂದೂ ಹೇಳುತ್ತೇನೆ. ದೊಡ್ಡ ಮಕ್ಕಳಾದರೆ ಕತ್ತಿಯ ಪರೀಕ್ಷೆಯನ್ನು ದೂರದಿಂದ ತೋರಿಸಬಹುದು. ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ರಸಾಯನಶಾಸ್ತ್ರದ ಮೇಷ್ಟ್ರುಗಳಿಗೆ ಇದು ತುಂಬ ಇಷ್ಟ.

ಒಂದು ಸಲಕ್ಕೆ ಮೂವತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಇರಲೇಬೇಕು. ಬಾವಿಗೆ ಕಟ್ಟೆಯಿಲ್ಲದಿದ್ದರೆ ಅದನ್ನು ಕಟ್ಟಿಸುವವರೆಗೆ ಯಾರನ್ನೂ ಕರೆಯಬೇಡಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ನೋಡಲು ಮಾತ್ರ ಬಿಡಿ. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ, ಕಾಲುದಾರಿಯ ಜಾರಿಕೆ. ನವೆಂಬರಿನಿಂದ ಜನವರಿವರೆಗೆ ಕೊಯ್ಲಿನ ಕೆಲಸವೂ ನೋಡಸಿಗುತ್ತದೆ. ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಾಗಿರುವ, ನೀರಿರುವ ಶೌಚಾಲಯ ಬೇಕು. ಇದನ್ನು ಗಂಡಸರು ಮರೆಯುತ್ತಾರೆ, ನೀವು ಮರೆಯಬೇಡಿ.

ಊಟ ತೋಟದ್ದೇ ಇರಲಿ. ಅನ್ನ, ಒಂದೆಲಗದ ತಂಬುಳಿ, ಬಾಳೆದಿಂಡಿನ ಪಲ್ಯ, ಮಜ್ಜಿಗೆ. ಉಂಡ ಬಾಳೆಲೆಯನ್ನು ಮಕ್ಕಳೇ ಗೊಬ್ಬರಗುಂಡಿಗೆ ಹಾಕಲಿ. ಊಟದ ಖರ್ಚು ಕೇಳಲು ಸಂಕೋಚ ಪಡಬೇಡಿ; ಸರ್ಕಾರಿ ಶಾಲೆಯ ಮಕ್ಕಳಿಂದ ಮಾತ್ರ ನಾವು ತೆಗೆದುಕೊಳ್ಳುವುದಿಲ್ಲ.

ಸಾವಯವ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ದಾಖಲೆ ಇದ್ದರೆ ಶಿಕ್ಷಕರಿಗೂ ನಂಬಿಕೆ. ಕೇಂದ್ರ ಸರ್ಕಾರದ ಪಿಜಿಎಸ್-ಇಂಡಿಯಾ (ಸಹಭಾಗಿತ್ವದ ಖಾತ್ರಿ) ಪದ್ಧತಿಯಲ್ಲಿ ಕನಿಷ್ಠ ಐವರು ಕೃಷಿಕರು ಗುಂಪಾಗಿ, ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸಿ ದೃಢೀಕರಣ ಪಡೆಯಬಹುದು. ಏನು ಹಾಕಿದೆವು, ಯಾವಾಗ, ಎಷ್ಟು ಎಂದು ಬರೆದಿಟ್ಟ ಪುಸ್ತಕವನ್ನು ಮಕ್ಕಳ ಮುಂದೆಯೇ ತೆರೆದಿಡಿ. ಪ್ರಶಸ್ತಿ ಫಲಕಕ್ಕಿಂತ ಅದಕ್ಕೆ ತೂಕ ಹೆಚ್ಚು.

ಮಳೆ ಹಿಡಿಯುವ ಹೊತ್ತಿಗೆ ಶಾಲೆಗೆ ಬೇರು ಬಿಟ್ಟ ಕೆಲವು ಮೆಣಸಿನ ಬಳ್ಳಿಗಳನ್ನು ಕಳಿಸಿಕೊಡಿ. ಮರದ ಬುಡಕ್ಕೆ ತೀರಾ ತಾಗಿಸದೆ, ಉತ್ತರ ದಿಕ್ಕಿಗೆ ಸಣ್ಣ ಗುಂಡಿ ತೆಗೆದು, ಒಂದು ಗಂಟಾದರೂ ಮಣ್ಣಿನೊಳಗಿರುವಂತೆ ನೆಡಬೇಕು. ಬಳ್ಳಿ ಬೆಳೆದ ಹಾಗೆ ಮರಕ್ಕೆ ಮೆಲ್ಲಗೆ ಕಟ್ಟುತ್ತ ಹೋಗಬೇಕು. ನೀರು ನಿಲ್ಲುವ ಜಾಗದಲ್ಲಿ ನೆಡದಂತೆ ಶಿಕ್ಷಕರಿಗೆ ಒತ್ತಿ ಹೇಳಿ.